ಮಾರ್ತಮ್ಮನ ಹಿಡಿಗಾಳು

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಎಂದು ತಿಳಿದ ಮೇಲೆ ಬೀದರಿನ ಡಾಕ್ಟರು ಮೊದಲು ಚಹಾದ ಸಕ್ಕರೆ ಬಿಡಿಸಿದರು, ಆಮೇಲೆ ಅನ್ನ ಬಿಡಿಸಿದರು. ಹೋದ ತಿಂಗಳು ಮೂತ್ರಪಿಂಡದ ಮೇಲೂ ಅನುಮಾನ ಬಂದು, ಪರೀಕ್ಷೆಗೆ ರಕ್ತ ಕೊಡಿಸಿ, ಇನ್ನು ಮುಂದೆ ನಾಲ್ಕಾರು ಕಾಳು ಕೂಡಿಸಿ ಬೀಸಿದ ಹಿಟ್ಟಿನ ರೊಟ್ಟಿಯನ್ನೇ ತಿನ್ನಲಿ ಎಂದು ಹೇಳಿ ಕಳಿಸಿದರು. ಅಂಗಡಿಯಲ್ಲಿ ಆ ಹಿಟ್ಟು ಚಂದದ ಪೊಟ್ಟಣದಲ್ಲಿ ಸಿಗುತ್ತದೆ. ಮೇಲೆ ನಗುವ ಒಂದು ಸಂಸಾರದ ಚಿತ್ರ. ಆ ಸಂಸಾರದಲ್ಲಿ ಯಾರಿಗೂ ಯಾವ ಕಾಯಿಲೆಯೂ ಇದ್ದಂತೆ ಕಾಣಲಿಲ್ಲ, ಹಾಗಾಗಿ ನನಗೆ ನಂಬಿಕೆ ಬರಲಿಲ್ಲ. ನಾನು ಯಾವುದನ್ನೂ ಅಷ್ಟು ಬೇಗ ನಂಬುವವಳಲ್ಲ. ಪಾಸ್ಟರರ ಹೆಂಡತಿ ಹೊರಗೆ ಹೇಳಿಕೊಳ್ಳುವ ಗುಣವಲ್ಲ ಇದು.

ಜೋಳ, ಸಜ್ಜೆ, ಒಂದಿಷ್ಟು ಗೋಧಿ, ಒಂದಿಷ್ಟು ಕಡಲೆ ನಾನೇ ಕೂಡಿಸಿ ಓಣಿಯ ಗಿರಣಿಗೆ ಒಯ್ದೆ. ಬೀಸುವವನು ಬಿಸಿ ಹಿಟ್ಟಿನ ಡಬ್ಬಿ ನನ್ನ ಕೈಗೆ ಕೊಟ್ಟಾಗ ಮುಚ್ಚಳದ ಸಂದಿಯಿಂದ ಬಂದ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಜೋಳದ್ದೂ ಅಲ್ಲದ, ಗೋಧಿಯದ್ದೂ ಅಲ್ಲದ, ಯಾವುದೋ ಪರಊರಿನ ಅಡುಗೆಮನೆಯಂಥ ವಾಸನೆ. ಅದು ನನಗೆ ಮೊದಲೇ ಗೊತ್ತಿತ್ತು. ಬರಗಾಲದ ವರ್ಷ ಇಂಥದೇ ಹಿಟ್ಟಿನ ರೊಟ್ಟಿಯನ್ನು ನಾವಿಬ್ಬರೂ ತಿಂದಿದ್ದೆವು. ಆಗ ಅದನ್ನು ಯಾರೂ ಆರೋಗ್ಯ ಎಂದು ಕರೆದಿರಲಿಲ್ಲ.

ನನ್ನ ತವರು ಭಾಲ್ಕಿ. ಮದುವೆಯಾಗಿ ಹೋದದ್ದು ಔರಾದಿನಿಂದಲೂ ಮುಂದೆ, ಮಹಾರಾಷ್ಟ್ರದ ಗಡಿಗೆ ಬೆನ್ನು ಹಚ್ಚಿ ಕೂತ ಒಂದು ಊರಿಗೆ. ಇವರಿಗೆ ಅದು ಮೊದಲ ಸಭೆ. ಹೆಂಚಿನ ಪ್ರಾರ್ಥನಾ ಮಂದಿರ, ಅದರ ಗೋಡೆಗೇ ಹೊಂದಿಸಿ ಕಟ್ಟಿದ ಒಂದೂವರೆ ಕೋಣೆಯ ಮನೆ. ಅರ್ಧ ಕೋಣೆ ಅಡುಗೆಗೆ, ಉಳಿದದ್ದು ಎಲ್ಲಕ್ಕೂ. ಇವರು ಹೊತ್ತು ಮೂಡುವ ಮೊದಲೇ ಎದ್ದು ಮಂದಿರಕ್ಕೆ ಹೋಗಿ ಒಂದು ಹಾಡು ಹಾಡಿ, ವೇದಪುಸ್ತಕ ಓದಿ, ದೊಡ್ಡ ದನಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಗೋಡೆಯ ಈ ಕಡೆ ನಾನು ಒಲೆ ಹೊತ್ತಿಸುತ್ತಿದ್ದೆ. ದನಿ ಇಳಿಯಿತೆಂದರೆ ಆಮೆನ್ ಹತ್ತಿರ ಬಂತು, ಚಹಾಪುಡಿ ಹಾಕಬೇಕು ಎಂದು ಲೆಕ್ಕ. ಹೊಸ ಮದುವಣಗಿತ್ತಿಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಸಿಗುವುದಿಲ್ಲ.

ನನ್ನ ಪಾಲಿನ ಭಕ್ತಿಯೆಂದರೆ ಹಿಡಿಗಾಳು. ನಮ್ಮ ಕಡೆಯ ಸಭೆಗಳಲ್ಲಿ ಹೆಣ್ಣುಮಕ್ಕಳು ಒಲೆಯ ಮುಂದೆ ಕೂರುವ ಮೊದಲು ಆ ದಿನದ ಕಾಳಿನಲ್ಲಿ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಾರೆ. ಹಾಕುವಾಗ ಒಂದೇ ಒಂದು ಮಾತಿನ ಪ್ರಾರ್ಥನೆ. ಭಾನುವಾರ ಎಲ್ಲರ ಗಡಿಗೆಯೂ ಮಂದಿರಕ್ಕೆ ಬಂದು, ಅಲ್ಲಿಂದ ಪಾಸ್ಟರರ ಮನೆಗೆ ಹೋಗುತ್ತದೆ. ಅಂದರೆ ನಮ್ಮ ಮನೆಗೆ. ಅದರಲ್ಲೇ ನಮ್ಮ ಊಟ. ಆದರೂ ಅತ್ತೆಯವರು ನನ್ನನ್ನು ಕಳಿಸುವಾಗ ಹೇಳಿದ್ದು, ಬಂದ ಕಾಳಿನಲ್ಲೇ ನೀನೂ ಮತ್ತೆ ಒಂದು ಹಿಡಿ ತೆಗೆಯಬೇಕು, ನಿನ್ನ ಮನೆಯಲ್ಲಿ ಗಡಿಗೆ ಖಾಲಿ ಕಂಡರೆ ಉಳಿದವರ ಕೈ ಹ್ಯಾಗೆ ಬಂದೀತು, ಎಂದು. ಸಭೆಯ ಜೋಳ ನನ್ನ ಮನೆಗೆ ಬಂದು, ನನ್ನ ಹಿಡಿಯಿಂದ ಮತ್ತೆ ಸಭೆಗೆ ಹೋಗಿ, ಮತ್ತೆ ನನ್ನ ಮನೆಗೇ ಬರುವ ಈ ತಿರುಗಾಟ ನನಗೆ ಮೊದಮೊದಲು ನಗೆ ತರಿಸುತ್ತಿತ್ತು. ಒಂದು ಮಾತಿನ ಪ್ರಾರ್ಥನೆಯೂ ನನ್ನಿಂದ ಆಗುತ್ತಿರಲಿಲ್ಲ. ನಾಳೆ ನೀರು ಬರುತ್ತದೋ ಇಲ್ಲವೋ, ಇವರ ಕೆಮ್ಮು ಕಫವೋ ಮತ್ತೇನೋ, ಹೆಂಚು ಈ ಗಾಳಿಗೆ ನಿಂತೀತೋ, ಹೀಗೆ ಶುರುವಾದದ್ದು ಮುಗಿಯುವ ಹೊತ್ತಿಗೆ ಕೈಯೊಳಗಿನ ಜೋಳ ಬೆವೆತಿರುತ್ತಿತ್ತು. ನನ್ನ ಪ್ರಾರ್ಥನೆಯೆಂದರೆ ಚಿಂತೆಯ ಕೊನೆಗೆ ಆಮೆನ್ ಹಚ್ಚಿದ್ದು, ಅಷ್ಟೇ.

ಮೊದಲ ವರ್ಷದ ಮಳೆ ಅರ್ಧಕ್ಕೆ ನಿಂತಿತು. ಎರಡನೆಯ ವರ್ಷ ಬರಲೇ ಇಲ್ಲ. ಉದ್ದು, ಹೆಸರು ಹೂವಿನಲ್ಲೇ ಒಣಗಿದವು. ಎರೆಭೂಮಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಟ್ಟಿತು. ಬಾವಿಯ ತಳದಲ್ಲಿ ನಮ್ಮ ಮುಖದ ಬದಲು ಕೆಸರು ಕಾಣತೊಡಗಿದಾಗ ಟ್ಯಾಂಕರು ಬರುವ ದಿನಗಳು ಶುರುವಾದವು. ದೀಪಾವಳಿ ದಾಟುತ್ತಿದ್ದಂತೆ ಊರಿಗೆ ಲಾರಿಗಳು ಬಂದವು. ಕೆಲವರು ಗಡಿಯಾಚೆ ಕಬ್ಬು ಕಡಿಯಲು, ಕೆಲವರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ. ಲಾರಿಯೊಳಗೆ ಮೊದಲು ಒಲೆಯ ಕಲ್ಲು, ಆಮೇಲೆ ಹಾಸಿಗೆ, ಆಮೇಲೆ ಕೋಳಿ, ಆಮೇಲೆ ಮಕ್ಕಳು. ಪ್ರತಿ ಲಾರಿಯ ಮುಂದೆ ನಿಂತು ಇವರು ಪ್ರಾರ್ಥನೆ ಮಾಡಿ ಕಳಿಸುತ್ತಿದ್ದರು. ಮೊದಲ ಲಾರಿಗೆ ಬಹಳ ಹೊತ್ತು ಮಾಡಿದರು, ಡ್ರೈವರ್ ಹಾರ್ನ್ ಹೊಡೆದ. ಕೊನೆಯ ಲಾರಿಗೆ ಬರೀ ಕೈ ಎತ್ತಿದರು.

ಹೋಗುವವರೆಲ್ಲ ತಮ್ಮ ಹಿಡಿಗಾಳಿನ ಗಡಿಗೆಯನ್ನು ನಮ್ಮಲ್ಲಿ ಬರಿದು ಮಾಡಿ, ಬೋರಲು ಹಾಕಿ ಹೋದರು. ಮಾರ್ತಮ್ಮ ಮಾತ್ರ ಗಡಿಗೆ ಬರಿದು ಮಾಡಿಯೂ ಹೊಸ್ತಿಲಲ್ಲೇ ನಿಂತಳು. ಗಂಡನಿಲ್ಲದ ಹೆಂಗಸು, ಮಗ ಸೊಸೆಯ ಜೊತೆ ಹೈದರಾಬಾದಿಗೆ ಹೊರಟಿದ್ದಳು. ಬಾಯಿ ಜೋರು. ಭಾನುವಾರ ಇವರ ಪ್ರಸಂಗ ಉದ್ದವಾದರೆ ಕೂತಲ್ಲೇ ಆಕಳಿಸಿ ಎಲ್ಲರಿಗೂ ಕೇಳಿಸುವಂತೆ ಸದ್ದು ಮಾಡುವವಳು. ಅವಳಿಗೊಂದು ಕಾನೂನಿನ ಪ್ರಶ್ನೆ ಇತ್ತು. ಅಲ್ಲಿ ಒಲೆ ಹೊತ್ತಿದ ದಿನ ಹಿಡಿ ತೆಗೆಯಬೇಕೋ ಬೇಡವೋ? ತೆಗೆದರೆ ಯಾರಿಗೆ ಕೊಡುವುದು?

ಅಲ್ಲೇ ಯಾವುದಾದರೂ ಚರ್ಚಿಗೆ ಕೊಡು ಎಂದರು ಇವರು.

"ಗುರ್ತಿಲ್ಲದವ್ರಿಗಿ ಕೊಡ್ಲಿಕ್ಕ ನಾ ಏನ್ ಸಾವ್ಕಾರ್ತಿ ಏನ್ರಿ ಪಾಸ್ಟರ್ ಸಾಬ? ನಿಮ್ಮನಿ ಗಡಿಗಿಂದು ನಿಮ್ಮನಿಗೇ ತರ್ತೇನಿ," ಎಂದು ಹೇಳಿ ಹೋಗಿ ಲಾರಿ ಹತ್ತಿದಳು.

ಆಮೇಲಿನ ಚಳಿಗಾಲ ನನ್ನ ನೆನಪಿನಲ್ಲಿ ಬಹಳ ನಿಶ್ಶಬ್ದವಾಗಿದೆ. ಭಾನುವಾರ ಮಂದಿರದಲ್ಲಿ ಮುದುಕರು, ಕೆಮ್ಮುವವರು, ಮತ್ತೆ ನಾನು. ಚಾಪೆಗಳನ್ನು ಅರ್ಧಕ್ಕಿಂತ ಹೆಚ್ಚು ಬಿಚ್ಚಬೇಕಾಗಿರಲಿಲ್ಲ. ಬರುತ್ತಿದ್ದ ಹಿಡಿಗಾಳು ನಮ್ಮಿಬ್ಬರಿಗೂ ಸಾಲುತ್ತಿರಲಿಲ್ಲ. ಆ ವರ್ಷ ನನ್ನ ಕೈಯೂ ಸಣ್ಣದಾಯಿತು. ಹಿಡಿ ಎಂದರೆ ಹಿಡಿಯೇ, ಆದರೆ ಬೆರಳು ಎಷ್ಟು ಮಡಚಬೇಕೆಂದು ಯಾರೂ ಬರೆದಿಟ್ಟಿಲ್ಲವಲ್ಲ.

ಕ್ರಿಸ್ಮಸ್ ಹೇಗೋ ದಾಟಿತು. ಅದರ ನಂತರ ಒಂದು ಮುಂಜಾನೆ ಗೋಡೆಯ ಆ ಕಡೆಯಿಂದ ಹಾಡು ಬರಲಿಲ್ಲ. ಮೈ ಹುಷಾರಿಲ್ಲ ಎಂದುಕೊಂಡೆ. ಮರುದಿನವೂ ಬರಲಿಲ್ಲ. ಇವರು ಏಳುತ್ತಿದ್ದರು, ಮಂದಿರಕ್ಕೂ ಹೋಗುತ್ತಿದ್ದರು, ಕದ ಮುಚ್ಚಿಕೊಂಡು ಸುಮ್ಮನೆ ಕೂತು ಬರುತ್ತಿದ್ದರು. ಕೆಲ ದಿನಗಳಾದ ಮೇಲೆ ಅದೂ ನಿಂತು, ಗೋಡೆಗೆ ಮುಖ ಮಾಡಿ ಹೊದ್ದು ಮಲಗಿದರು. ಭಾನುವಾರದ ಕೆಲಸ ಮಾತ್ರ ನಡೆಯುತ್ತಿತ್ತು. ಪುಸ್ತಕ ನೋಡಿ ಓದುತ್ತಿದ್ದರು, ಬರೆದಿಟ್ಟ ಪ್ರಾರ್ಥನೆ ಹೇಳುತ್ತಿದ್ದರು, ಮುಗಿಸುತ್ತಿದ್ದರು. ಬೇರೆಯವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು. ಗಂಡ ಕುಡಿಯುತ್ತಾನೆಂದರೆ ಅಕ್ಕಪಕ್ಕದವರ ಹತ್ತಿರ ಅಳಬಹುದು. ಪಾಸ್ಟರ್ ಗಂಡ ಪ್ರಾರ್ಥನೆ ಬಿಟ್ಟಿದ್ದಾನೆಂದು ಯಾರ ಹತ್ತಿರ ಹೋಗಿ ಹೇಳುವುದು?

ನಾನು ಮಾಡಿದ್ದು ಇಷ್ಟು. ಮುಂಜಾನೆ ಬೇಗ ಎದ್ದು ಪಾತ್ರೆಗಳನ್ನು ಜೋರಾಗಿ ಸದ್ದು ಮಾಡಿ ಇಡುವುದು, ಮಂದಿರದ ಕದ ತೆಗೆದು ಕಸ ಹೊಡೆಯುವುದು, ಬೇಕೆಂದೇ ಒಂದೆರಡು ಸಲ ಕೆಮ್ಮುವುದು. ಮನೆಯಲ್ಲಿ ಯಾರೋ ಎದ್ದಿದ್ದಾರೆ ಎಂದು ಊರಿಗೆ ಗೊತ್ತಾಗಬೇಕು. ಎದುರು ಮನೆಯ ಶಾಂತಾಬಾಯಿ ಕಾಕು ಮರಾಠಿ ಮನೆತನದವಳು. ನಮ್ಮ ಸಭೆಯವಳಲ್ಲ, ನಮ್ಮ ಹಾಡಿನ ಅರ್ಥವೂ ಅವಳಿಗೆ ಬೇಕಿರಲಿಲ್ಲ. ಟ್ಯಾಂಕರಿನ ಸಾಲಿನಲ್ಲಿ ನನ್ನ ಹಿಂದೆ ಕೊಡ ಇಟ್ಟುಕೊಂಡು ನಿಂತವಳು ಒಂದು ದಿನ ಹೇಳಿದಳು, "ಪಾಸ್ಟರ್ ಸಾಬ್ರ ಹಾಡ ಕೇಳೇ ನಾ ಎಮ್ಮಿ ಹಿಂಡ್ಲಿಕ್ಕ ಏಳ್ತಿದ್ದೆ. ಈಗ ಎಮ್ಮೀನೂ ಹೋಯ್ತು, ಹಾಡೂ ಹೋಯ್ತು ನೋಡವ್ವ." ಗಂಟಲು ಕೆಟ್ಟಿದೆ ಕಾಕು ಎಂದೆ. ಬಿಸಿನೀರಿಗೆ ಉಪ್ಪು ಹಾಕಿ ಕೊಡು ಎಂದಳು. ಆ ದಿನ ನಿಜಕ್ಕೂ ಉಪ್ಪುನೀರು ಕಾಸಿ ಇವರ ಮುಂದೆ ಇಟ್ಟೆ. ಯಾಕೆ ಎಂದು ಕೇಳದೆ ಮುಕ್ಕಳಿಸಿ ಉಗುಳಿದರು. ಅಷ್ಟು ದಣಿದಿದ್ದರು.

ಬೇಸಿಗೆಯಲ್ಲಿ ನಮ್ಮಣ್ಣ ಬೀದರಿನಿಂದ ಬಂದ. ಊರ ಪಕ್ಕದ ಕೊಳಾರದ ಕಾರ್ಖಾನೆ ಕಡೆಯ ಒಂದು ಗೋದಾಮಿನಲ್ಲಿ ಲೆಕ್ಕ ನೋಡಿಕೊಳ್ಳುವ ಕೆಲಸ ಇದೆ, ಮಾಲೀಕರು ತನ್ನ ಪರಿಚಯದವರು, ಮಳೆಗಾಲ ಶುರುವಾಗುವ ಹೊತ್ತಿಗೆ ಬಂದು ಸೇರಿಕೊಳ್ಳಲಿ ಎಂದ. ಇರಲು ಕೋಣೆ ಕೊಡುತ್ತಾರೆ, ಕೋಣೆಯ ಒಳಗೇ ನಲ್ಲಿ ಇದೆ ಎಂದೂ ಹೇಳಿದ. ಆ ನಲ್ಲಿಯ ಮಾತು ಕೇಳಿ ನನಗಾದ ಆಸೆಯನ್ನು ಹೇಗೆ ಹೇಳಲಿ. ಇವರು ಒಪ್ಪಿಕೊಂಡರು. ಅಷ್ಟು ಬೇಗ ಒಪ್ಪಿಕೊಂಡದ್ದು ನೋಡಿ ನನಗೆ ಹೊಸ ಚಿಂತೆ ಹತ್ತಿತು. ಅಣ್ಣ ಹೋದ ಮೇಲೆ, ಅಂಗಳದಲ್ಲಿ ಕೂತಿದ್ದಾಗ, ಸಭೆಯನ್ನು ಬಿಟ್ಟು ಹೋದಮೇಲೆ ನಿಮಗೆ ನಿದ್ದೆ ಬಂದೀತೇ ಎಂದು ಕೇಳಿದೆ.

"ಈಗೇನ್ ಬರ್ಲತ್ತದ?" ಎಂದರು. ಆಮೇಲೆ ತಾವಾಗಿಯೇ ಹೇಳಿದರು, "ಬಾಯಿ ತೆಗೆದ್ರ ಸುಳ್ಳ ಬರ್ಲತ್ತಾವ. ಲಾರಿ ಹತ್ತಿ ಹೋದವ್ರ ಮಾರಿ ಕಣ್ಣಾಗ ಇಟ್ಕೊಂಡು, ‘ಎಲ್ಲಾ ಚೆಂದ ಇಟ್ಟೀದಿ ತಂದೆ, ಉಪಕಾರ’ ಅಂತ ಮುಂಜಾನಿ ಎದ್ದು ಹ್ಯಾಂಗ ಅನ್ಲಿ? ಅನ್ನದಿದ್ರ ಇಲ್ಲಿ ಯಾಕಿರ್ಲಿ?"

ಚಿಂತೆ ಮಾಡುವವರಿಗೆ ಪ್ರಶ್ನೆಗಳು ಬಹಳ, ಉತ್ತರ ಕಡಿಮೆ. ಒಳಗೆ ಹೋಗಿ ಟ್ರಂಕಿನ ಧೂಳು ಒರೆಸಿದೆ.

ಜೂನಿನಲ್ಲಿ, ಮಿರಗದ ಮಳೆಯ ಹೊತ್ತಿಗೆ ಮೋಡ ಕಟ್ಟಿತು. ಮಳೆ ಬರುವ ಮೊದಲೇ ಜನ ಬಂದರು. ಬಿತ್ತಲು ಏನೂ ಇಲ್ಲದಿದ್ದವರೂ ಮೋಡ ನೋಡಿ ಬಂದರು. ಒಬ್ಬೊಬ್ಬರಾಗಿ ಬೋರಲು ಹಾಕಿದ ಗಡಿಗೆಗಳನ್ನು ಒಯ್ದರು. ನಮ್ಮ ಟ್ರಂಕು ಅಷ್ಟರಲ್ಲಿ ತುಂಬಿತ್ತು. ಭಾನುವಾರ ಸಭೆಗೆ ತಿಳಿಸಿ, ಸೋಮವಾರದ ಮೊದಲ ಬಸ್ಸಿಗೆ ಔರಾದು, ಅಲ್ಲಿಂದ ಬೀದರು ಎಂದು ನಿಶ್ಚಯವಾಗಿತ್ತು.

ಆ ವಾರದ ನಡುವೆ ಮಾರ್ತಮ್ಮ ಬಂದಳು. ಹೋಗುವಾಗ ಇದ್ದ ಮೈ ಅರ್ಧ ಇಳಿದಿತ್ತು, ಬಾಯಿ ಹಾಗೇ ಇತ್ತು. ತಲೆಯ ಮೇಲಿದ್ದ ಸಿಮೆಂಟಿನ ಚೀಲವನ್ನು ಹೊಸ್ತಿಲೊಳಗೆ ಇಳಿಸಿ, ಹೇಳಿದಂತೆ ತಂದಿದ್ದೇನೆ, ಮಗನಿಗೆ ಜ್ವರ, ಆಮೇಲೆ ಬರುತ್ತೇನೆ ಎಂದು ಹೊರಟುಹೋದಳು. ನಾನು ಅಂಗಳದಲ್ಲಿ ಹಳೆಯ ಸೀರೆ ಹಾಸಿ ಚೀಲ ಸುರಿದೆ. ಅಕ್ಕಿ, ಗೋಧಿ, ಸಜ್ಜೆ, ತೊಗರಿಬೇಳೆ, ನುಚ್ಚು, ಎಲ್ಲ ಒಂದರಲ್ಲೊಂದು. ಅಲ್ಲಲ್ಲಿ ಚುರುಮುರಿ ಕೂಡ, ಮೆತ್ತಗಾಗಿ ಬೂದಿಬಣ್ಣಕ್ಕೆ ತಿರುಗಿದ್ದು. ಒಲೆಗೆ ಆ ದಿನ ಏನು ಸಿಕ್ಕಿತೋ ಅದರಲ್ಲೇ ಮೊದಲ ಹಿಡಿ ತೆಗೆದು ಅದೇ ಚೀಲಕ್ಕೆ ಹಾಕಿದ್ದಳು ಪುಣ್ಯಾತ್ಗಿತ್ತಿ. ಬೇರೆ ಬೇರೆ ಪೊಟ್ಟಣ ಕಟ್ಟಲು ಅವಳಿಗೆ ಹೊಳೆದೇ ಇರಲಿಲ್ಲ. ಇದನ್ನು ಅನ್ನ ಮಾಡಲು ಬರುವುದಿಲ್ಲ, ಬೇಳೆ ಮಾಡಲು ಬರುವುದಿಲ್ಲ, ಕೋಳಿಗೆ ಹಾಕೋಣವೆಂದರೆ ಕೋಳಿಗಳು ಲಾರಿಯಲ್ಲಿ ಹೋಗಿದ್ದವು. ಸಾಲದ್ದಕ್ಕೆ ಕಲ್ಲು ಬೇರೆ. ಕಾಳಿನಲ್ಲಿ ಇರುವಂಥ ಸಣ್ಣ ಹರಳಲ್ಲ, ಕಾಂಕ್ರೀಟಿಗೆ ಹಾಕುವ ಖಡಿ, ಹುಣಸೆಬೀಜದಷ್ಟು, ಕೆಲವು ಅದಕ್ಕಿಂತ ದೊಡ್ಡವು. ಕಟ್ಟಡದ ಹತ್ತಿರ ಚೀಲ ಇಟ್ಟರೆ ಇನ್ನೇನಾಗುತ್ತದೆ ಎಂದು ಗೊಣಗುತ್ತ ಒಂದೊಂದೇ ಆರಿಸಿ ಬೇಲಿಯ ಕಡೆ ಒಗೆದೆ.

ಮರುದಿನ ಕಾಳನ್ನು ಮೊರದಲ್ಲಿ ಕೇರುತ್ತ ಕೂತಿದ್ದಾಗ ಮಾರ್ತಮ್ಮ ಬಂದಳು. ಕೂತು, ಕಾಳಿನಲ್ಲಿ ಕೈಯಾಡಿಸಿ, ತಲೆ ಎತ್ತಿ ನನ್ನನ್ನು ನೋಡಿದಳು.

"ಇದರಾಗಿನ ಖಡಿ ಎಲ್ಲಿ ಹೋದ್ವು ಅಮ್ಮೋರೆ?"

ಒಗೆದೆ ಎಂದೆ. ಅಷ್ಟು ಕಲ್ಲಿರುವ ಚೀಲ ನಾನು ನೋಡೇ ಇಲ್ಲ ಎಂದು ಸ್ವಲ್ಪ ಚುಚ್ಚಿಯೂ ಹೇಳಿದೆ.

"ಏ ಅಮ್ಮೋರೆ, ಅವು ಬಿದ್ದಿದ್ದಲ್ರಿ, ನಾನೇ ಹಾಕಿದ್ದು," ಎಂದಳು. "ಒಲಿ ಹೊತ್ತಲಾರದ ದಿನದವು ಅವು. ಮುಕಾದಮ ಕೂಲಿ ಕೊಡ್ದೆ ಓಡಿ ಹೋಗ್ತಿದ್ದ ನೋಡ್ರಿ, ಆವಾಗಿಂದು. ನಮಗ ಇಲ್ಲದ ದಿನ ಮ್ಯಾಲಿನವನಿಗೂ ಇದೇ ಇರ್ಲಿ ಅಂತ ಹಾಕ್ದೆ. ನಾವು ಖಾಲಿ ಹೊಟ್ಟೀಲಿ ಮಕ್ಕೊಂಡಿದ್ದು ಅವನಿಗಿ ತಿಳೀಬ್ಯಾಡೇನ್ರಿ?"

ನಾನು ಮೊರ ಕೆಳಗಿಟ್ಟೆ. ಅವಳು ಸ್ವಲ್ಪ ನಾಚಿದಳು. ಸೊಸೆ ಬೈದಳು, ಕಾಣಿಕೆಯ ಚೀಲದಲ್ಲಿ ಕಲ್ಲು ಹಾಕಿದರೆ ಪಾಪ ಹತ್ತುತ್ತದೆ ಎಂದಳು, ಬೈದಳೆಂದೇ ಮುಂದಿನ ಸಲ ದೊಡ್ಡದು ನೋಡಿ ಹಾಕಿದೆ, ಎಂದೆಲ್ಲ ಹೇಳಿದಳು. ಹೊಸ್ತಿಲಲ್ಲಿ ಸದ್ದಾಯಿತು. ಒಳಗೆ ಮಲಗಿದ್ದ ಇವರು ಎದ್ದು ಬಂದು ನಿಂತಿದ್ದರು.

"ಹಾಕೋ ಮುಂದ ಏನಂತ ಹೇಳಿ ಹಾಕ್ದಿ, ಮಾರ್ತಮ್ಮ?" ಎಂದು ಕೇಳಿದರು. ಪರೀಕ್ಷೆ ಮಾಡುವ ದನಿಯಲ್ಲ, ನಿಜವಾಗಿ ತಿಳಿಯಬೇಕೆಂಬ ದನಿ.

"ಏನ್ ಹೇಳ್ಲಿ ಸಾಬ. ‘ತಗೋ ತಂದೆ, ಇವತ್ತ ಇದೇ ಅದ’ ಅಂದೆ. ಭಕ್ತಿಯಿಂದ ಅಲ್ಲ, ಸಿಟ್ಟೀಲೇ ಅಂದೆ. ಸುಳ್ಳ ಯಾಕ ಹೇಳ್ಲಿ."

ಇವರ ಗಂಟಲಿನಿಂದ ಒಂದು ಸದ್ದು ಬಂತು. ಅಳುತ್ತಾರೆ ಎಂದು ನಾನು ಹೆದರಿದೆ, ನೋಡಿದರೆ ನಗು. ತುಕ್ಕು ಹಿಡಿದ ರಾಟೆಯ ಹಾಗೆ ಬಿಕ್ಕಿ ಬಿಕ್ಕಿ ನಗುತ್ತ ಬೇಲಿಯ ಕಡೆ ಹೋಗಿ ಮೊಣಕಾಲೂರಿ ಕೂತರು. ಹುಡುಕುವುದು ಕಷ್ಟವಾಗಲಿಲ್ಲ. ನಮ್ಮ ಅಂಗಳದ ಕಲ್ಲು ಕಪ್ಪು, ಹೈದರಾಬಾದಿನ ಖಡಿ ಬೂದು, ಬಿಸಿಲಿಗೆ ಮಿನುಗುತ್ತದೆ. ನಾನೂ ಹೋಗಿ ಆರಿಸಿದೆ. ಮಾರ್ತಮ್ಮ ಮೊರ ಹಿಡಿದು ಕೂತಲ್ಲೇ, ಅಲ್ಲಿ ಒಂದದ ನೋಡ್ರಿ, ಮುಳ್ಳಿನ ಬುಡಕ್ಕ ಒಂದದ, ಎಂದು ನಮ್ಮಿಬ್ಬರಿಗೂ ಕೆಲಸ ಹೇಳಿದಳು.

ಕಾಳನ್ನು ಗಿರಣಿಗೆ ಕೊಟ್ಟು ಎಲ್ಲ ಕೂಡಿಸಿಯೇ ಬೀಸಿಸಿದೆ. ಬೇರೆ ದಾರಿ ಇರಲಿಲ್ಲ. ಆ ಹಿಟ್ಟು ಕೈಗೆ ಹತ್ತುತ್ತಿರಲಿಲ್ಲ, ಬಡಿದರೆ ಅಂಚು ಒಡೆಯುತ್ತಿತ್ತು, ಹಂಚಿನಿಂದ ತೆಗೆಯುವಾಗ ಮೂರು ತುಂಡು. ತುಂಡುಗಳನ್ನೇ ಪುಂಡಿಪಲ್ಯದ ಜೊತೆ ತಿಂದೆವು. ಚೆನ್ನಾಗಿತ್ತು ಎಂದರೆ ಅದೊಂದು ಸುಳ್ಳು. ಬಾಯಲ್ಲಿ ಒಮ್ಮೆ ಅಕ್ಕಿ, ಒಮ್ಮೆ ಬೇಳೆ, ಎಲ್ಲದರ ಕೆಳಗೆ ಸಿಮೆಂಟಿನ ಚೀಲದ ಒಂದು ಒಗರು.

ಭಾನುವಾರ ಇವರು ಸಭೆಗೆ ಏನೂ ತಿಳಿಸಲಿಲ್ಲ. ಮರೆತರೋ, ಹಿಂಜರಿದರೋ ಎಂದು ಚಿಂತೆಯಲ್ಲೇ ರಾತ್ರಿ ಕಳೆದೆ. ಸೋಮವಾರ ಮುಂಜಾನೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಬಸ್ಸಿನ ಹೊತ್ತಾಗುತ್ತಿತ್ತು. ಟ್ರಂಕು ಹಗ್ಗ ಬಿಗಿಸಿಕೊಂಡು ಬಾಗಿಲಲ್ಲೇ ಕೂತಿತ್ತು. ಗೋಡೆಯ ಆ ಕಡೆಯಿಂದ ಒಂದು ದನಿ ಬಂತು. ಹಾಡಲ್ಲ, ಓದೂ ಅಲ್ಲ. ಕಲ್ಲು ನೆಲಕ್ಕೆ ಇಟ್ಟ ಸದ್ದು, ಆಮೇಲೆ ಮಾತು: "ತಗೋ ತಂದೆ, ಇವತ್ತ ಇದೇ ಅದ." ಮತ್ತೊಂದು ಕಲ್ಲಿನ ಸದ್ದು, ಲಾರಿ ಹತ್ತಿ ಹೋದವರಲ್ಲಿ ಒಬ್ಬರ ಹೆಸರು. ಮತ್ತೊಂದು ಕಲ್ಲು, ಮತ್ತೊಂದು ಹೆಸರು. ಜಗಳ ತೆಗೆದವರ ಹಾಗೆ ಮಾತಾಡುತ್ತಿದ್ದರು, ಅಷ್ಟು ದಿನಗಳ ಬಾಕಿ ಮಾತು. ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೋಯಿತು. ದನಿ ಇಳಿಯುವ ಲಕ್ಷಣ ಕಾಣದೆ ನಾನು ಚಹಾಪುಡಿ ಹಾಕದೆ ನೀರನ್ನು ಕುದಿಸುತ್ತಲೇ ಇದ್ದೆ.

ನನಗೆ ಸಂತೋಷವಾಯಿತು ಎಂದೇ ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಆಯಿತು, ಆದರೆ ಪೂರ್ತಿ ಆಗಲಿಲ್ಲ. ಕೊಳಾರದ ಆ ನಲ್ಲಿ ಮನಸ್ಸಿನಲ್ಲಿ ಬಹಳ ದಿನ ತೊಟ್ಟಿಕ್ಕುತ್ತಿತ್ತು. ಅಣ್ಣ ಒಂದು ವರ್ಷ ಮಾತಾಡಲಿಲ್ಲ. ಮಳೆಯೂ ಆ ಸಲ ಹೇಳಿಕೊಳ್ಳುವಂತೆ ಬರಲಿಲ್ಲ. ದೀಪಾವಳಿಗೆ ಮತ್ತೆ ಲಾರಿಗಳು ಬಂದವು, ಮಾರ್ತಮ್ಮ ಮತ್ತೆ ಹೋದಳು. ಈ ಸಲ ಎರಡು ಚೀಲ ಒಯ್ದಳು, ಒಂದು ಕಾಳಿಗೆ, ಒಂದು ಖಡಿಗೆ. ಪಾಸ್ಟರಮ್ಮನಿಗೆ ಆರಿಸುವ ತ್ರಾಸ ಬೇಡ ಎಂದು.

ಅವಳು ತೀರಿಹೋಗಿ ಬಹಳ ವರ್ಷಗಳಾದವು. ನಾವು ಆಮೇಲೆ ಭಾಲ್ಕಿ, ಮತ್ತೆರಡು ಊರು ಸುತ್ತಿ ಈಗ ಬೀದರಿಗೆ ಬಂದಿದ್ದೇವೆ. ನಲ್ಲಿ ಇದೆ, ನೀರು ಬರುವ ದಿನದ ಚಿಂತೆಯೂ ಇದೆ. ಹಿಡಿಗಾಳಿಗೆ ಈಗ ಸ್ಟೀಲಿನ ಡಬ್ಬಿ. ಪಕ್ಕದಲ್ಲಿ ಒಂದು ಬಟ್ಟಲಿನಲ್ಲಿ ಆ ಬೂದು ಖಡಿ ಇವೆ. ನನ್ನ ಸೊಸೆ ಅವನ್ನು ಗಿಡದ ಕುಂಡಕ್ಕೆ ಹಾಕಲೇ ಎಂದು ಒಮ್ಮೆ ಕೇಳಿದ್ದಳು.

ಇಂದು ಮಧ್ಯಾಹ್ನ ಇವರ ರಕ್ತಪರೀಕ್ಷೆಯ ರಿಪೋರ್ಟು ಬರುವುದಿದೆ. ಮುಂಜಾನೆ ಹೊಸ ಹಿಟ್ಟು ನಾದುವ ಮೊದಲು ಜೋಳಕ್ಕೆ ಕೈ ಹಾಕಿದೆ. ಎಂದಿನಂತೆ ಶುರು ಮಾಡಿದೆ, ರಿಪೋರ್ಟು ಹ್ಯಾಗೋ, ಡಾಕ್ಟರು ಏನೆನ್ನುತ್ತಾರೋ, ಮುಂದೇನೋ. ನನ್ನ ದನಿ ಕೇಳಿ ನನಗೇ ಬೇಸರ ಬಂತು. ಜೋಳ ಅಲ್ಲೇ ಬಿಟ್ಟು ಬಟ್ಟಲಿನಿಂದ ಒಂದು ಖಡಿ ತೆಗೆದು ಡಬ್ಬಿಗೆ ಹಾಕಿದೆ. ಕಾಳು ಬಿದ್ದರೆ ಕೇಳಿಸುವುದಿಲ್ಲ, ಕಲ್ಲು ಬಿದ್ದರೆ ಮನೆಯೆಲ್ಲ ಕೇಳಿಸುತ್ತದೆ. ಪಕ್ಕದ ಕೋಣೆಯಲ್ಲಿ ಪ್ರಾರ್ಥನೆ ಅರ್ಧಕ್ಕೆ ನಿಂತಿತು.

"ಇವತ್ತ ಇದೇ ಅದೇನ?" ಎಂದರು ಇವರು, ಗೋಡೆಯ ಆ ಕಡೆಯಿಂದ.

ಹೌದ್ರಿ ಎಂದೆ. ಆಮೇಲೆ ದನಿ ಮತ್ತೆ ಶುರುವಾಯಿತು. ನಾನು ಚಹಾಪುಡಿಯ ಡಬ್ಬಿ ಕೈಯಲ್ಲಿ ಹಿಡಿದು ಕಾದೆ.